ಗಾಲಿ ನಂಬರ್ 10474

ಹಳೆ ಆಟಿಕೆ ರೈಲಿನ ಟ್ರಂಕಿನಲ್ಲಿ ಸಿಕ್ಕ ಒಂದು ಗಾಲಿಗೆ ನಾನು ಮೂರು ಸಲ ನಂಬರ್ ಹಾಕಿದೆ. ಮೊದಲ ಸಲ ‘ಇಂ-ಗಾ-07’, ಅಂದರೆ ಇಂಜಿನ್ನಿನ ಏಳನೇ ಗಾಲಿ. ಎರಡನೇ ಸಲ ‘ಡ-ಗಾ-11’, ಅಂದರೆ ಡಬ್ಬಿಯ (ಬೋಗಿಯ) ಹನ್ನೊಂದನೇ ಗಾಲಿ. ಮೂರನೇ ಸಲ ಬರೀ 10474. ಈಗ ಅದಕ್ಕೆ ಕಟ್ಟಿದ ಚೀಟಿಯ ಮೇಲೆ ಇರುವುದು ಇದೊಂದೇ. ಅದು ಇಂಜಿನ್ನಿನದೂ ಅಲ್ಲ, ಡಬ್ಬಿಯದೂ ಅಲ್ಲ, ರೈಲಿನದೇ ಅಲ್ಲ ಎಂದು ಗೊತ್ತಾದ ಮೇಲೂ ಈ ನಂಬರ್ ಬದಲಿಸಬೇಕಾಗಿ ಬರಲಿಲ್ಲ. ಅಂಥ ನಂಬರ್ ಹಾಕಬೇಕು ಎಂದು ಹೊಳೆಯಲು ನನಗೆ ಮೂರು ತಿಂಗಳು ಹಿಡಿಯಿತು.

ನಾನು ಕಲಬುರಗಿಯ ಒಂದು ಪದವಿ ಕಾಲೇಜಿನಲ್ಲಿ ಲೈಬ್ರರಿಯನ್. ನಮ್ಮ ಮುತ್ಯಾ, ಅಂದರೆ ಅವ್ವನ ಅಪ್ಪ, ವಾಡಿ ಜಂಕ್ಷನ್ನಿನಲ್ಲಿ ಗಾರ್ಡ್ ಆಗಿದ್ದರು. ಮುಂಬೈಯಿಂದ ಸೊಲ್ಲಾಪುರ, ಕಲಬುರಗಿ ದಾಟಿ ರಾಯಚೂರಿಗೆ ಹೋಗುವ ಜಿಐಪಿ (ಗ್ರೇಟ್ ಇಂಡಿಯನ್ ಪೆನಿನ್ಸುಲಾ) ರೈಲ್ವೆಯ ಹಳೆ ದಾರಿಗೆ 1874ರಲ್ಲಿ ಸಿಕಂದರಾಬಾದ್ ಕಡೆಯಿಂದ ನಿಜಾಮರ ರೈಲ್ವೆ ಬಂದು ಕೂಡಿಕೊಂಡದ್ದು ಈ ವಾಡಿಯಲ್ಲೇ. ಅಲ್ಲಿಯ ರೈಲ್ವೆ ಕಾಲೊನಿಯಲ್ಲಿ ಮುತ್ಯಾನ ನೆರೆಮನೆಯಲ್ಲಿದ್ದ ಆಂಗ್ಲೋ ಇಂಡಿಯನ್ ಡ್ರೈವರ್ ಒಬ್ಬರು ಮನೆಮಂದಿಯೊಂದಿಗೆ ಆಸ್ಟ್ರೇಲಿಯಾಕ್ಕೆ ಹೊರಟಾಗ ತಮ್ಮ ಮಕ್ಕಳ ಆಟಿಕೆ ರೈಲನ್ನು ಒಂದು ತಗಡಿನ ಟ್ರಂಕಿನಲ್ಲಿ ತುಂಬಿ ಮುತ್ಯಾನ ಕೈಗೆ ಕೊಟ್ಟು ಹೋದರು. ಅವ್ವ ಆಗ ಏಳು ವರ್ಷದ ಹುಡುಗಿ.

“ಐತವಾರ ಉಂಡ ಮ್ಯಾಲೆ ಫರಸಿ ಮ್ಯಾಲೆ ಪಟ್ಟಿ ಜೋಡಸ್ತಿದ್ರು. ಚಾವಿ ಕೊಡೋದು ಅವರೇ. ನಾವು ಸೀಟಿ ಊದಬೇಕು, ಝೆಂಡಿ ತೋರಸಬೇಕು. ಗಾಲಿ ಮುಟ್ಟಿದ್ರ ಮಾತ್ರ ಬೈತಿದ್ರು,” ಎಂದು ಅವ್ವ ಈಗಲೂ ಹೇಳುತ್ತಾಳೆ. ಪಟ್ಟಿ ಅಂದರೆ ಹಳಿ.

ವಾಡಿಯ ಮನೆ ಖಾಲಿ ಮಾಡಿದಾಗ ಟ್ರಂಕು ನಮ್ಮ ಮನೆಯ ಅಟ್ಟ ಸೇರಿತ್ತು. ಹೋದ ದೀಪಾವಳಿಗೆ ಮನೆ ಸುಣ್ಣ ಮಾಡುವಾಗ ಇಳಿಸಿ ತೆಗೆದೆ. ಮೇಲೊಂದು ಉರ್ದು ಪೇಪರ್, ಅದರ ಕೆಳಗೆ ಹಸಿರು ಬಣ್ಣದ ತಗಡಿನ ಇಂಜಿನ್, ಮೈಮೇಲೆ 3435 ಎಂಬ ಅಂಕಿ. ಅಡಿಯ ಯಂತ್ರವನ್ನು ಯಾರೋ ಬಿಚ್ಚಿ, ಮತ್ತೆ ಜೋಡಿಸದೆ ಹಾಗೇ ಇಟ್ಟಿದ್ದರು. ನಾಲ್ಕು ಡಬ್ಬಿ, ಸೊಟ್ಟಾದ ಪಟ್ಟಿಗಳು, ಬಿಸ್ಕತ್ತಿನ ಡಬ್ಬದ ತುಂಬ ಗಾಲಿ, ಕೊಂಡಿ, ಸ್ಪ್ರಿಂಗು, ಸ್ಕ್ರೂ, ಹೆಸರು ಗೊತ್ತಿಲ್ಲದ ತಗಡಿನ ತುಂಡುಗಳು. ಚಾವಿ ಮಾತ್ರ ಸಿಗಲಿಲ್ಲ.

ಅದು ಹಾರ್ನ್‌ಬಿ ಕಂಪನಿಯ ‘ಎಂ1’ ಇಂಜಿನ್. ಲಿವರ್‌ಪೂಲಿನ ಫ್ರಾಂಕ್ ಹಾರ್ನ್‌ಬಿ 1901ರಲ್ಲಿ ತೂತಿನ ಪಟ್ಟಿ, ನಟ್ಟು, ಬೋಲ್ಟುಗಳ ಜೋಡಣೆ ಆಟಿಕೆಗೆ ಪೇಟೆಂಟ್ ಪಡೆದರು. ಅದೇ ಮುಂದೆ ಮೆಕ್ಯಾನೋ ಆಯಿತು. 1920ರಲ್ಲಿ ಅದೇ ಕಂಪನಿ ಚಾವಿ ಕೊಟ್ಟು ಓಡಿಸುವ ರೈಲು ತಂದಿತು. 3435 ಎಂಬ ಅಂಕಿಯನ್ನು ಮುತ್ಯಾನ ಇಂಜಿನ್ನಿಗೆ ಮಾತ್ರ ಹಾಕಿದ್ದು ಎಂದು ಮೊದಲು ನಾನು ತಿಳಿದಿದ್ದೆ. ಹಳೆಯ ಚಿತ್ರಗಳನ್ನು ಹುಡುಕಿದಾಗ ಕೆಂಪು ಎಂ1, ಹಸಿರು ಎಂ1, ಹೀಗೆ ಎಷ್ಟೋ ಇಂಜಿನ್ನುಗಳ ಮೈಮೇಲೆ 3435. ದೊಡ್ಡ ರೈಲಿನಲ್ಲಿ ಹೀಗಾಗುವುದಿಲ್ಲ. ಮುತ್ಯಾ ತಮ್ಮ ಡೈರಿಯಲ್ಲಿ ಇಂಜಿನ್ ನಂಬರ್ ಬರೆದರೆ ಅದು ಆ ಒಂದೇ ಇಂಜಿನ್ನು. ಆಟಿಕೆಯ ಮೇಲಿನ ನಂಬರ್ ಬಣ್ಣದ ಹಾಗೆ ಬರೀ ಅಲಂಕಾರ. ನಮ್ಮದನ್ನು ನಮ್ಮದು ಎಂದು ಗುರುತಿಸಲು ನಾವೇ ಒಂದು ನಂಬರ್ ಕೊಡಬೇಕಿತ್ತು.

ನಮ್ಮ ಕಾಲೇಜಿನಲ್ಲಿ ಡಿಸ್ಪೇಸ್ ತಂತ್ರಾಂಶದ ಮೇಲೆ ನಡೆಯುವ ಒಂದು ಸಣ್ಣ ಡಿಜಿಟಲ್ ಲೈಬ್ರರಿ ಇದೆ. ಹಳೆ ಪ್ರಶ್ನೆಪತ್ರಿಕೆ, ಪ್ರಬಂಧ, ಕಾಲೇಜು ಸಂಚಿಕೆಗಳು ಅದರಲ್ಲಿವೆ. ಟ್ರಂಕಿನಲ್ಲಿ ಇದ್ದದ್ದನ್ನೂ ಅದಕ್ಕೆ ಸೇರಿಸಲು ಪ್ರಾಂಶುಪಾಲರು ಒಪ್ಪಿದರು. ಇಡೀ ಇಂಜಿನ್ನಿನ ಫೋಟೋ ಹಾಕುವುದು ಒಂದು ದಿನದ ಕೆಲಸ. ನನಗೆ ಬಿಡಿಭಾಗಗಳೇ ಬೇಕಿದ್ದವು. ಎಲ್ಲೋ ಯಾರದೋ ಅಟ್ಟದಲ್ಲಿ ಇಂಥದೇ ಒಂದು ಕೊಂಡಿ ಬಿದ್ದಿರುತ್ತದೆ. ಅದು ಏನೆಂದು ಗೊತ್ತಿಲ್ಲದೆ ಗುಜರಿಗೆ ಹೋಗುತ್ತದೆ. ಇಡೀ ಇಂಜಿನ್ನಾದರೆ ಯಾರೂ ಗುಜರಿಗೆ ಹಾಕುವುದಿಲ್ಲ. ಬಿಡಿ ತುಂಡು ಕೈಯಲ್ಲಿ ಹಿಡಿದವರಿಗೆ ಅದರ ಹೆಸರು ಸಿಗಬೇಕು ಎಂಬುದೇ ನನ್ನ ಆಸೆ.

ನಂಬರಿನ ಮಾತು ಬಂದಾಗ ವಾಡಿ ಯಾರ್ಡಿನಲ್ಲಿ ಕೆಲಸ ಮಾಡುವ ನನ್ನ ಸೋದರಮಾವನ ಮಗ ಮನೆಗೆ ಬಂದಿದ್ದ.

“ಅಕ್ಕಾ, ವ್ಯಾಗನ್ ನಂಬರ್ ನೋಡ್ರಿ. ಹನ್ನೊಂದು ಅಂಕಿ ಇರ್ತಾವ. ಮೊದಲಿನ ಎರಡು ಯಾವ ನಮೂನಿ ವ್ಯಾಗನ್ ಅಂತ, ಮುಂದಿನ ಎರಡು ಯಾವ ರೈಲ್ವೆದ್ದು ಅಂತ, ಆಮ್ಯಾಲಿನ ಎರಡು ತಯಾರಾದ ವರ್ಷ. ಅದರ ಮುಂದಿನ ನಾಕು ಅದರ ಸ್ವಂತದ್ದು. ಕೊನಿದು ಚೆಕ್ ಅಂಕಿ. ನಂಬರ್ ಓದಿದ್ರ ಸಾಕು, ವ್ಯಾಗನ್ನಿನ ಜಾತಕನೇ ಸಿಗ್ತದ.”

ಇದು ನನಗೆ ಬಹಳ ಹಿಡಿಸಿತು. ಇಂಜಿನ್ನಿಗೆ ‘ಇಂ’, ಡಬ್ಬಿಗೆ ‘ಡ’, ಪಟ್ಟಿಗೆ ‘ಪ’. ಗಾಲಿಗೆ ‘ಗಾ’, ಕೊಂಡಿಗೆ ‘ಕೊ’. ದಿನಾ ಸಂಜೆ ಕಾಲೇಜಿನಿಂದ ಬಂದು ಎಂಟು ಹತ್ತು ತುಂಡುಗಳಿಗೆ ಹೀಗೆ ನಂಬರ್ ಕೊಡುತ್ತ ಸಂಕ್ರಾಂತಿಯ ಹೊತ್ತಿಗೆ ನೂರಾ ನಲವತ್ತು ದಾಟಿದ್ದೆ. ಸಂಕ್ರಾಂತಿಗೆ ಎಳ್ಳು ಕೊಡಲು ಬಂದ ಅಪ್ಪನ ಗೆಳೆಯರೊಬ್ಬರು ಮೇಜಿನ ಮೇಲಿನ ಸಾಮಾನು ನೋಡುತ್ತ ನಿಂತರು. ಅವರನ್ನು ನಾವು ಕಾಕಾ ಎನ್ನುತ್ತೇವೆ. ಹೈದರಾಬಾದಿನಲ್ಲಿ ಬೆಳೆದವರು. ಆ ಗಾಲಿಯನ್ನು ಎತ್ತಿ ಬೆಳಕಿಗೆ ಹಿಡಿದರು. ಅಳತೆ ಹೊಂದಲಿಲ್ಲವೆಂದು ನಾನು ಅದನ್ನು ಅದಾಗಲೇ ಇಂಜಿನ್ನಿನಿಂದ ಡಬ್ಬಿಗೆ ವರ್ಗ ಮಾಡಿದ್ದೆ.

“ತಂಗಿ, ಇದು ರೈಲಿನ ಗಾಲಿ ಅಲ್ಲ. ಇದಕ್ಕ ಅಂಚು ಎಲ್ಲಿ ಅದ? ಪಟ್ಟಿ ಮ್ಯಾಲೆ ಇಟ್ರ ಜಾರಿ ಬೀಳ್ತದ. ಸುತ್ತ ತೂತು ಎಣಸು.”

ಎಣಿಸಿದೆ. ಎಂಟು. ನಡುವೆ ಹಿತ್ತಾಳೆಯ ಸಣ್ಣ ಗುಬ್ಬಿ, ಅದರ ಪಕ್ಕದಲ್ಲಿ ಕಡ್ಡಿಯನ್ನು ಬಿಗಿ ಹಿಡಿಯುವ ಪುಟ್ಟ ಸ್ಕ್ರೂ.

“ಮೆಕ್ಯಾನೋದ್ದು ಇದು. ನಾವು ಇದರಿಂದ ಕ್ರೇನ್ ಮಾಡ್ತಿದ್ದಿವಿ,” ಎಂದರು. ನಾನು ಮೂರು ತಿಂಗಳಿಂದ ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದ್ದ ವಸ್ತು ಅದು. ರೈಲು ಹಳಿಯ ಮೇಲೆ ನಿಲ್ಲುವುದೇ ಗಾಲಿಯ ಒಳಅಂಚಿನಿಂದ. ಗಾರ್ಡಿನ ಮೊಮ್ಮಗಳಾದ ನನಗೆ ಅದು ಕಾಣಬೇಕಿತ್ತು.

ಆ ರಾತ್ರಿ ‘ಡ-ಗಾ-11’ನ್ನು ಲಿಸ್ಟಿನಿಂದ ತೆಗೆದೆ. ತೆಗೆದರೆ ನಡುವೆ ತೂತು. ಹನ್ನೆರಡನೆಯದನ್ನು ಹನ್ನೊಂದು ಮಾಡಿದೆ, ಹದಿಮೂರನೆಯದನ್ನು ಹನ್ನೆರಡು. ಹೀಗೆ ಮುಂದಿನವುಗಳ ಚೀಟಿ, ಫೋಟೋ ಹೆಸರು, ಕಂಪ್ಯೂಟರಿನ ಸಾಲು ಎಲ್ಲವನ್ನೂ ತಿದ್ದುತ್ತ ಹನ್ನೊಂದು ಗಂಟೆ ಆಯಿತು. ಬೆಳಿಗ್ಗೆ ಎದ್ದು ನೋಡಿದರೆ ಎರಡು ಗಾಲಿಗಳ ಕೊರಳಲ್ಲಿ ಒಂದೇ ನಂಬರ್. ಯಾವುದು ಯಾವುದರ ಫೋಟೋ ಎಂದು ಹೇಳಲು ಬಾರದಂತೆ ಎರಡೂ ಒಂದೇ ತರ ಇದ್ದವು.

ಉತ್ತರ ಸಿಕ್ಕಿದ್ದು ಸೋಮವಾರ ಕೆಲಸದ ಮೇಜಿನ ಮೇಲೆ. ಹೊಸ ಪುಸ್ತಕಗಳ ಗಂಟು ಬಂದಿತ್ತು. ಒಂದೊಂದನ್ನೂ ಆಕ್ಸೆಷನ್ ರಿಜಿಸ್ಟರಿಗೆ ಏರಿಸುತ್ತಿದ್ದೆ. ಪುಸ್ತಕಕ್ಕೆ ಎರಡು ನಂಬರ್ ಇರುತ್ತವೆ. ಬೆನ್ನಿನ ಮೇಲಿರುವುದು ವಿಷಯದ ನಂಬರ್. ಡ್ಯೂಯಿ ಪದ್ಧತಿಯಲ್ಲಿ ಮಾದರಿ ರೈಲುಗಳಿಗೆ 625.19. ಅಂಥ ಹತ್ತು ಪುಸ್ತಕ ಬಂದರೆ ಹತ್ತಕ್ಕೂ ಅದೇ. ಒಳಪುಟದಲ್ಲಿ ಬರೆಯುವ ಆಕ್ಸೆಷನ್ ನಂಬರ್ ಹಾಗಲ್ಲ; ಬಾಗಿಲು ದಾಟಿ ಬಂದ ಸರದಿಯಂತೆ ಒಂದೊಂದಕ್ಕೆ ಒಂದೊಂದು. ವಿಷಯ ತಪ್ಪಿ ಹಾಕಿದ್ದು ಗೊತ್ತಾದರೆ ಬೆನ್ನಿನ ಚೀಟಿ ಕಿತ್ತು ಬೇರೆ ಅಂಟಿಸುತ್ತೇವೆ. ಒಳಗಿನ ನಂಬರನ್ನು ಯಾರೂ ಮುಟ್ಟುವುದಿಲ್ಲ. ಪುಸ್ತಕ ಕಳೆದುಹೋದರೂ ಆ ನಂಬರನ್ನು ಬೇರೆ ಪುಸ್ತಕಕ್ಕೆ ಕೊಡುವುದಿಲ್ಲ. ಇಷ್ಟು ವರ್ಷ ದಿನಾ ಮಾಡಿದ ಕೆಲಸ ಇದು. ರೈಲಿನ ವಿಷಯದಲ್ಲಿ ಎರಡನ್ನೂ ಸೇರಿಸಿ ಒಂದೇ ಮಾಡಿಬಿಟ್ಟಿದ್ದೆ.

ವ್ಯಾಗನ್ನಿಗೆ ಹನ್ನೊಂದು ಅಂಕಿ ನಡೆಯುತ್ತದೆ, ಯಾಕೆಂದರೆ ಅದು ಕಾರ್ಖಾನೆಯಿಂದ ಹೊರಬರುವಾಗಲೇ ಅದರ ಜಾತಿ, ಒಡೆಯ, ವರ್ಷ ಎಲ್ಲಾ ಗೊತ್ತಿರುತ್ತವೆ. ನನ್ನ ಟ್ರಂಕಿನ ತುಂಡುಗಳಿಗೆ ಹುಟ್ಟಿದ ದಾಖಲೆಯೇ ಇಲ್ಲ. ಅವುಗಳ ಬಗ್ಗೆ ನನಗೆ ಗೊತ್ತಿರುವುದೆಲ್ಲ ಇವತ್ತಿನ ಅಂದಾಜು. ಅಂದಾಜನ್ನು ನಂಬರಿನೊಳಗೆ ಕಟ್ಟಿಹಾಕಿದರೆ ಅಂದಾಜು ಬದಲಾದಾಗಲೆಲ್ಲ ನಂಬರ್ ಮುರಿಯುತ್ತದೆ.

ಎಲ್ಲಾ ಚೀಟಿ ಬಿಚ್ಚಿ ಮೊದಲಿಂದ ಶುರು ಮಾಡಿದೆ. 1001ರಿಂದ ಆರಂಭ, ಕೈಗೆ ಬಂದ ಸರದಿಯಂತೆ. ಅರ್ಥ ಏನೂ ಇಲ್ಲ. ವ್ಯಾಗನ್ನಿನಿಂದ ಒಂದನ್ನು ಮಾತ್ರ ಇಟ್ಟುಕೊಂಡೆ, ಕೊನೆಯ ಚೆಕ್ ಅಂಕಿಯನ್ನು. ಲೆಕ್ಕ ಸುಲಭ. ಆ ಗಾಲಿಯ ಸರದಿ 1047. ಎರಡನೇ ಮತ್ತು ನಾಲ್ಕನೇ ಅಂಕಿ ಕೂಡಿಸಿದರೆ 7, ಅದರ ಮೂರು ಪಟ್ಟು 21. ಒಂದನೇ ಮತ್ತು ಮೂರನೇ ಅಂಕಿ ಕೂಡಿಸಿದರೆ 5. ಒಟ್ಟು 26. ಮುಂದಿನ ಹತ್ತರ ಮಡಿ 30, ಅದಕ್ಕೆ 4 ಕಮ್ಮಿ. ಹಾಗಾಗಿ 10474. ಅವಸರದಲ್ಲಿ ಯಾರಾದರೂ 1074 ಎಂದು ಅಂಕಿ ಅದಲು ಬದಲು ಮಾಡಿದರೆ ಕೊನೆಯ ಅಂಕಿ 0 ಆಗಬೇಕಾಗುತ್ತದೆ, 4 ತಾಳೆಯಾಗುವುದಿಲ್ಲ, ತಪ್ಪು ಅಲ್ಲೇ ಸಿಕ್ಕಿಬೀಳುತ್ತದೆ. ನನ್ನ ಜೊತೆ ಕೆಲಸ ಮಾಡುವ ಸಹಾಯಕಿ ಇದನ್ನು ಸ್ಪ್ರೆಡ್‌ಶೀಟಿನಲ್ಲಿ ಸೂತ್ರವಾಗಿ ಬರೆದುಕೊಟ್ಟಳು. ತಾಳೆಯಾಗದ ಸಾಲು ಕೆಂಪಾಗುತ್ತದೆ. ಮೊದಲ ವಾರದಲ್ಲೇ ನಾಲ್ಕು ಸಾಲು ಕೆಂಪಾದವು.

ಕಂಪನಿಯವರ ನಂಬರುಗಳನ್ನು ಬಿಡಲಿಲ್ಲ. ಅವಕ್ಕೆ ಬೇರೆ ಕಾಲಂ ಮಾಡಿದೆ. ಮೆಕ್ಯಾನೋದಲ್ಲಿ ಪ್ರತಿ ನಮೂನೆಗೂ ಕಂಪನಿಯದೇ ನಂಬರ್ ಇದೆ: ಹನ್ನೆರಡೂವರೆ ಇಂಚಿನ ತೂತುಪಟ್ಟಿಗೆ 1, ಐದೂವರೆ ಇಂಚಿನದಕ್ಕೆ 2, ನಟ್ಟು ಬೋಲ್ಟಿಗೆ 37. ಕಾಕಾ ಗುರುತಿಸಿದ ಗಾಲಿ 24, ಬುಷ್ ವ್ಹೀಲ್. ಹಾರ್ನ್‌ಬಿ ಪಟ್ಟಿಗಳಲ್ಲಿ ‘ಎ’ ಅಂದರೆ ಬಾಗಿದ್ದು, ‘ಬಿ’ ಅಂದರೆ ನೇರ, ಮುಂದೆ ‘ಇ’ ಇದ್ದರೆ ವಿದ್ಯುತ್ ರೈಲಿನದು. ಎ1 ಒಂದು ಅಡಿ ತ್ರಿಜ್ಯದ್ದು, ಆರು ಕೂಡಿಸಿದರೆ ವೃತ್ತ. ಎ2 ಎರಡು ಅಡಿ ತ್ರಿಜ್ಯದ್ದು, ಹನ್ನೆರಡು ಬೇಕು. ನಮ್ಮಲ್ಲಿ ಎ2 ಇರುವುದು ಒಂಬತ್ತು. ಅವ್ವನ ಐತವಾರದ ದುಂಡು ದಾರಿಗೆ ಮೂರು ಪಟ್ಟಿ ಕಮ್ಮಿ. ಒಂಬತ್ತಕ್ಕೂ ಕಂಪನಿ ನಂಬರ್ ಎ2 ಒಂದೇ, ನಮ್ಮ ನಂಬರ್ ಒಂಬತ್ತು ಬೇರೆ ಬೇರೆ. ಒಂದರ ತುದಿಯ ಮೊಳೆ ಮುರಿದಿದೆ, ಇನ್ನೊಂದರ ಅಡಿಗೆ ಯಾರೋ ಮಗು ನೀಲಿ ಪೆನ್ಸಿಲಿನಿಂದ ಗೀಟು ಎಳೆದಿದೆ. ಎ2 ಎಂದು ಬರೆದರೆ ಆ ಗೀಟು ಯಾವ ಪಟ್ಟಿಯದು ಎಂದು ಹೇಳಲಾಗುವುದಿಲ್ಲ.

ಎಷ್ಟು ಬಿಡಿಸಬೇಕು ಎನ್ನುವುದಕ್ಕೂ ಒಂದು ಕಟ್ಟಳೆ ಬೇಕಾಯಿತು. ಅಂಟಿಕೊಂಡಿರುವುದನ್ನು ನಂಬರ್ ಹಾಕಲೆಂದು ಬಿಚ್ಚಕೂಡದು. ಡಬ್ಬಿಗೆ ನಾಲ್ಕು ಗಾಲಿ ಸೇರಿಕೊಂಡೇ ಇದ್ದರೆ ಐದಕ್ಕೂ ಕೂಡಿ ಒಂದೇ ನಂಬರ್. ಮುಂದೆ ಒಂದು ಗಾಲಿ ತಾನಾಗಿ ಕಳಚಿದರೆ ಅವತ್ತು ಅದಕ್ಕೆ ಹೊಸ ನಂಬರ್, ಜೊತೆಗೆ ‘ಇಂಥ ನಂಬರಿನ ಭಾಗ’ ಎಂಬ ಟಿಪ್ಪಣಿ. ಇಲ್ಲದ ವಸ್ತುವಿಗೆ ನಂಬರ್ ಇಲ್ಲ. ಹಾಗಾಗಿ ಸಿಗದ ಚಾವಿಗೆ ಜಾಗ ಕಾದಿರಿಸಲಿಲ್ಲ, ಅವ್ವ ಕೇಳಿದರೂ.

ವಸ್ತುವಿನ ಮೇಲೆ ನಂಬರ್ ಬರೆಯುವುದು ಇನ್ನೊಂದು ಕೆಲಸ. ಮ್ಯೂಸಿಯಂನವರು ಪ್ಯಾರಲಾಯ್ಡ್ ಬಿ-72 ಎಂಬ ರಾಳವನ್ನು ಅಸಿಟೋನಿನಲ್ಲಿ ಕರಗಿಸಿ ಒಂದು ತೆಳು ಪದರ ಹಚ್ಚುತ್ತಾರೆ, ಒಣಗಿದ ಮೇಲೆ ಇಂಕಿನಲ್ಲಿ ನಂಬರ್ ಬರೆದು ಮೇಲೆ ಮತ್ತೊಂದು ಪದರ ಕೊಡುತ್ತಾರೆ. ಬೇಡವೆಂದಾಗ ಅಸಿಟೋನಿನಿಂದ ಒರೆಸಿದರೆ ಹೋಗುತ್ತದೆ. ಬಣ್ಣವಿಲ್ಲದ ಲೋಹಕ್ಕೆ ಇದು ಸರಿ. ಬಣ್ಣ ಬಳಿದ ತಗಡಿನ ಮೇಲೆ ಅದೇ ಅಸಿಟೋನ್ ಬಣ್ಣವನ್ನೂ ಕರಗಿಸುತ್ತದೆ. ಇದನ್ನು ಓದಿಯೂ, ಒಂದು ಡಬ್ಬಿಯ ಅಡಿಯಲ್ಲಿ ಯಾರಿಗೂ ಕಾಣದ ಮೂಲೆ ಎಂದು ಹಚ್ಚಿ ನೋಡಿದೆ. ಸಾಸಿವೆ ಕಾಳಿನಷ್ಟು ಜಾಗದಲ್ಲಿ ಕಪ್ಪು ಬಣ್ಣ ಹತ್ತಿಗೆ ಅಂಟಿ ಬಂತು, ಕೆಳಗಿನ ತಗಡು ಹೊಳೆಯಿತು. ಅಷ್ಟು ವರ್ಷ ಉಳಿದ ಬಣ್ಣವನ್ನು ನಂಬರ್ ಹಾಕಲೆಂದು ನಾನು ತೆಗೆದಿದ್ದೆ. ಆ ಡಬ್ಬಿಯ ದಾಖಲೆಯಲ್ಲಿ ಅದನ್ನೂ ಬರೆದಿದ್ದೇನೆ, ತಾರೀಖು ಸಮೇತ. ಆಮೇಲೆ ಬಣ್ಣದ ವಸ್ತುಗಳಿಗೆಲ್ಲ ಬರೀ ಬಿಳಿ ಹತ್ತಿ ದಾರ, ದಪ್ಪ ಕಾಗದದ ಚೀಟಿ. ಸ್ಕ್ರೂನಂಥ ಸಣ್ಣವು ಚೀಟಿಯೊಂದಿಗೆ ಪುಟ್ಟ ಜಿಪ್ ಕವರಿನಲ್ಲಿ.

ಫೋಟೋಗೆ ಮೊದಲು ಬಿಳಿ ಡ್ರಾಯಿಂಗ್ ಹಾಳೆ ಹಾಸಿದ್ದೆ. ಬಿಳಿಯ ಬೆಳಕಿಗೆ ಮೊಬೈಲ್ ಕ್ಯಾಮೆರಾ ತಾನಾಗಿ ಬೆಳಕು ಇಳಿಸಿ ಕಪ್ಪು ಕೊಂಡಿಗಳನ್ನು ಮಸಿಯ ಮುದ್ದೆ ಮಾಡುತ್ತಿತ್ತು. ಒಂದು ಬೆಳಿಗ್ಗೆ ಹಾಳೆ ಇಲ್ಲದೆ, ಉತ್ತರದ ಕಿಟಕಿಯ ಕೆಳಗೆ ಫರಸಿಯ ಮೇಲೇ ಇಟ್ಟು ತೆಗೆದೆ. ಶಹಾಬಾದ್ ಕಲ್ಲಿನ ಬೂದು ಬಣ್ಣ ಈ ಕೆಲಸಕ್ಕೇ ಹುಟ್ಟಿದಂತಿದೆ. ಹಿತ್ತಾಳೆ ಹಿತ್ತಾಳೆಯಂತೆ, ತುಕ್ಕು ತುಕ್ಕಿನಂತೆ ಬಂತು. ಪಕ್ಕದಲ್ಲಿ ಉಕ್ಕಿನ ಅಳತೆಪಟ್ಟಿ. ಮೇಲಿಂದ, ಪಕ್ಕದಿಂದ, ಅಡಿಯಿಂದ ಹೀಗೆ ಮೂರು ಫೋಟೋ. ಮುತ್ಯಾ ಪಟ್ಟಿ ಜೋಡಿಸುತ್ತಿದ್ದದ್ದೂ ಇಂಥದೇ ಕಲ್ಲಿನ ಮೇಲೆ.

ಕಂಪ್ಯೂಟರಿಗೆ ಏರಿಸುವಾಗ ನಮ್ಮನ್ನು ಕಾಡಿದ್ದು ಸೊನ್ನೆ. ಈ ರೈಲಿನ ಅಳತೆಗೆ ಇಂಗ್ಲಿಷಿನಲ್ಲಿ ‘ಓ ಗೇಜ್’ ಎನ್ನುತ್ತಾರೆ, ಹಳಿಗಳ ನಡುವೆ 32 ಮಿಲಿಮೀಟರ್. ಅದು ಮೂಲದಲ್ಲಿ ಅಕ್ಷರವಲ್ಲ, ಸೊನ್ನೆ. ಆಟಿಕೆ ರೈಲಿನ ಅಳತೆಗಳು ಒಂದು, ಎರಡು, ಮೂರು ಎಂದು ಇದ್ದವು. ಒಂದಕ್ಕಿಂತ ಚಿಕ್ಕದು ಬಂದಾಗ ಅದು ಸೊನ್ನೆ ಆಯಿತು. ಮುಂದೆ 1938ರಲ್ಲಿ ಹಾರ್ನ್‌ಬಿ ಇನ್ನೂ ಚಿಕ್ಕ ರೈಲು ತಂದಾಗ ಅಳತೆ 16.5 ಮಿಲಿಮೀಟರ್, ಹೆಸರು ‘ಡಬ್ಲೊ’, ಅಂದರೆ ಎರಡು ಸೊನ್ನೆ. ಬಿಸ್ಕತ್ತಿನ ಡಬ್ಬದಲ್ಲಿ ಅದರ ಒಂದು ಜೋಡಿ ಗಾಲಿಯೂ ಇತ್ತು, ಅಳತೆ ಹಿಡಿದಾಗಲೇ ಗೊತ್ತಾದದ್ದು. ಸಹಾಯಕಿ ಕೆಲವು ಕಡೆ ಇಂಗ್ಲಿಷ್ ಓ ಹಾಕಿದ್ದಳು, ಕೆಲವು ಕಡೆ ಸೊನ್ನೆ, ಕೆಲವು ಕಡೆ ಕನ್ನಡ ‘ಓ’. ಇನ್ನು ಕನ್ನಡ ಅಂಕಿಯ ಸೊನ್ನೆಯೂ ಅನುಸ್ವಾರವೂ ಕಣ್ಣಿಗೆ ಒಂದೇ ದುಂಡು. ಕಂಪ್ಯೂಟರಿಗೆ ಅವು ಎರಡು ಬೇರೆ ಅಕ್ಷರ. ಅನುಸ್ವಾರದ ಜಾಗದಲ್ಲಿ ಸೊನ್ನೆ ಬಿದ್ದ ಒಂದು ‘ಸ್ಪ್ರಿಂಗ್’ ಎಷ್ಟು ಹುಡುಕಿದರೂ ಸಿಗಲಿಲ್ಲ. ಪರದೆಯ ಮೇಲೆ ಎದುರಿಗೇ ಇತ್ತು, ಓದಲು ಸರಿಯಾಗಿಯೇ ಇತ್ತು. ಅಕ್ಷರ ಅಕ್ಷರ ಅಳಿಸಿ ಮತ್ತೆ ಟೈಪ್ ಮಾಡಿದಾಗ ಸಿಕ್ಕಿತು. ಅಂದಿನಿಂದ ಅಂಕಿಗಳೆಲ್ಲ 0ಯಿಂದ 9ರವರೆಗಿನವು ಮಾತ್ರ. ಅಳತೆಯ ಕಾಲಂನಲ್ಲಿ ‘32 ಮಿಮೀ’, ಪರ್ಯಾಯ ಹೆಸರಿನಲ್ಲಿ ‘ಓ ಗೇಜ್’, ‘ಸೊನ್ನೆ ಗೇಜ್’ ಎರಡೂ.

ಇನ್ನೊಂದು ದಿನ ‘ಇರುವ ಜಾಗ’ ಎಂಬ ಕಾಲಂನಲ್ಲಿ 3-4 ಎಂದು ಬರೆದದ್ದು, ಮೂರನೇ ಡಬ್ಬದ ನಾಲ್ಕನೇ ಖಾನೆ, ಸ್ಪ್ರೆಡ್‌ಶೀಟಿನಲ್ಲಿ ತಾರೀಖಾಗಿ ಕೂತಿತ್ತು. ಕಾಲಂ ಅನ್ನು ಮೊದಲೇ ‘ಪಠ್ಯ’ ಎಂದು ಗುರುತು ಮಾಡಿ ಆಮೇಲೆ ತುಂಬಬೇಕು. ಮೊದಲು ತುಂಬಿ ಆಮೇಲೆ ಮಾಡಿದರೆ ಬರೆದದ್ದು ವಾಪಸ್ ಬರುವುದಿಲ್ಲ.

ಸತುವಿನ ವಿಷಯಕ್ಕೆ ಬರುತ್ತೇನೆ. ಇಂಜಿನ್ನಿನ ನಾಲ್ಕು ಗಾಲಿ ಬಿಡಿಯಾಗಿಯೇ ಸಿಕ್ಕಿದ್ದವು. ಅವು ತಗಡಲ್ಲ, ಅಚ್ಚಿಗೆ ಸುರಿದು ಮಾಡಿದವು. 10627 ಎಂಬ ಗಾಲಿಯ ಮೇಲೆ ಜೇಡರ ಬಲೆಯಂಥ ಬಿರುಕುಗಳಿದ್ದವು. ಅಂಚು ಉಬ್ಬಿ ದುಂಡು ತಪ್ಪಿತ್ತು. ಇಂಗ್ಲೆಂಡಿನವರು ಈ ಲೋಹಕ್ಕೆ ಮಝಾಕ್ ಎನ್ನುತ್ತಾರೆ: ಬಹುಪಾಲು ಸತು, ನೂರಕ್ಕೆ ನಾಲ್ಕರಷ್ಟು ಅಲ್ಯೂಮಿನಿಯಂ, ಚೂರು ಮೆಗ್ನೀಸಿಯಂ, ತಾಮ್ರ. ಸತು ಶುದ್ಧವಿಲ್ಲದೆ ಅದರಲ್ಲಿ ಸ್ವಲ್ಪ ಸೀಸ ಉಳಿದಿದ್ದರೆ ಲೋಹದ ಹರಳುಗಳ ಸಂದಿಯಲ್ಲಿ ಒಳಗಿಂದಲೇ ತುಕ್ಕು ನಡೆಯುತ್ತದೆ. ವರ್ಷಗಳು ಕಳೆದಂತೆ ಉಬ್ಬಿ, ಬಿರಿದು, ಪುಡಿಯಾಗುತ್ತದೆ. ಎರಡನೇ ಮಹಾಯುದ್ಧಕ್ಕೆ ಮುಂಚಿನ ಎಷ್ಟೋ ಆಟಿಕೆಗಳು ಹೀಗೆಯೇ ಹೋಗಿವೆ. ಒಂದರಿಂದ ಇನ್ನೊಂದಕ್ಕೆ ಅಂಟುವ ರೋಗವಲ್ಲ, ಆದರೆ ಮದ್ದೂ ಇಲ್ಲ. ಸೆಕೆ, ತೇವ ಅದನ್ನು ಅವಸರಪಡಿಸುತ್ತವೆ.

ಓದಿ ತಿಳಿದದ್ದು ಇಷ್ಟು. ನನಗೆ ಸತುವನ್ನು ಕೈಯಿಂದ ಬಲ್ಲವರ ಮಾತು ಬೇಕಿತ್ತು. ಸತು ಬಲ್ಲವರು ಬೀದರಿನಲ್ಲಿದ್ದಾರೆ. ಬಿದ್ರಿ ಎನ್ನುವುದೇ ಸತುವಿನ ಕೆಲಸ. ಸತು ಹದಿನಾರು ಪಾಲು, ತಾಮ್ರ ಒಂದು ಪಾಲು. 2017ರಲ್ಲಿ ಬೀದರ್–ಕಲಬುರಗಿ ದಾರಿ ಆದಾಗಿನಿಂದ ರೈಲೂ ಇದೆ. ಗಾಲಿಯನ್ನು ಹತ್ತಿಯಲ್ಲಿ ಸುತ್ತಿ ಕುಂಕುಮದ ಡಬ್ಬಿಯಲ್ಲಿಟ್ಟು ಮಡಿಲಲ್ಲಿ ಹಿಡಿದುಕೊಂಡು ಹುಮನಾಬಾದ್ ದಾರಿಯಲ್ಲಿ ಹೋದೆ. ಮುತ್ಯಾನ ರೈಲಿನ ಗಾಲಿ ಆ ದಿನ ನಿಜವಾದ ರೈಲಿನಲ್ಲಿ ಕೂತಿತ್ತು.

ಚೌಬಾರದ ಹತ್ತಿರದ ಗಲ್ಲಿಯಲ್ಲಿ ಒಬ್ಬ ಉಸ್ತಾದರು ನೆಲದ ಮೇಲೆ ಕೂತು ಹೂಜಿಯೊಂದಕ್ಕೆ ಬೆಳ್ಳಿ ತಂತಿ ಕೂರಿಸುತ್ತಿದ್ದರು. ಉಳಿಯಿಂದ ಕೊರೆದ ಗೆರೆಯೊಳಗೆ ತಂತಿ ಇಟ್ಟು ಸಣ್ಣ ಸುತ್ತಿಗೆಯಿಂದ ಟಕ್ ಟಕ್ ಎಂದು ಬಡಿಯುವುದು. ಕೈ ನಿಲ್ಲಿಸಿ ಗಾಲಿಯನ್ನು ಅಂಗೈ ಮೇಲಿಟ್ಟು ತೂಕ ನೋಡಿದರು. ಕಲ್ಲಿನ ಮೇಲೆ ಉಗುರಿನಷ್ಟೇ ಎತ್ತರದಿಂದ ಬಿಟ್ಟರು. ‘ಥಪ್’ ಎಂದಿತು. ಆಮೇಲೆ ತಮ್ಮ ಬುಟ್ಟಿಯಿಂದ ಕಪ್ಪು ಮಾಡದ ಒಂದು ಬಿದ್ರಿ ಮುಚ್ಚಳ ತೆಗೆದು ಹಾಗೇ ಬಿಟ್ಟರು. ಅದು ಸಣ್ಣಗೆ ಗುಂಯ್ ಎಂದಿತು.

“ಕೇಳಿದ್ರಿ ಮೇಡಂ? ಇದೂ ಜಸ್ತನೇ, ಅದೂ ಜಸ್ತನೇ. ಇದರ ಜೀವ ಒಳಗಿಂದ ಹೋಗ್ಯಾದ,” ಎಂದರು. ಜಸ್ತ ಅಂದರೆ ಸತು. ಅಂಟು ಹಾಕಬಹುದೇ ಎಂದು ಕೇಳಿದೆ. “ಮ್ಯಾಲೆ ಅಂಟು ಹಾಕ್ತೀರಿ, ಅದು ಒಳಗಿಂದ ಉಬ್ಬತದ. ಬ್ಯಾಡ್ರಿ. ತಂಪಿನ್ಯಾಗ, ಒಣ ಜಾಗದಾಗ ಇಡ್ರಿ. ಕೈ ಹಚ್ಚಬ್ಯಾಡ್ರಿ.”

ಅವರ ಮೂಲೆಯಲ್ಲಿ ಒಂದು ಗೋಣಿಯಲ್ಲಿ ಕೋಟೆಯ ಮಣ್ಣಿತ್ತು. ಬಿಸಿಲು ಮಳೆ ಬೀಳದ ಹಳೆ ಜಾಗದಿಂದ ತಂದದ್ದು. ನವಸಾಗರದ ಜೊತೆ ಆ ಮಣ್ಣನ್ನು ನೀರಿನಲ್ಲಿ ಕುದಿಸಿ ಹಚ್ಚಿದರೆ ಸತು ಕಪ್ಪಾಗುತ್ತದೆ, ಬೆಳ್ಳಿ ಹಾಗೇ ಉಳಿಯುತ್ತದೆ. ಚಿಟಿಕೆ ಮಣ್ಣು ನಾಲಗೆಗೆ ಹಚ್ಚಿ ತೋರಿಸಿದರು. ಕೆಲಸಕ್ಕೆ ಬರುತ್ತದೋ ಇಲ್ಲವೋ ಎಂದು ರುಚಿಯಿಂದಲೇ ಗೊತ್ತಾಗುತ್ತದಂತೆ. 17ನೇ ಶತಮಾನದ ಬಿದ್ರಿ ಹುಕ್ಕಾಗಳು ಇವತ್ತಿಗೂ ಮ್ಯೂಸಿಯಂಗಳಲ್ಲಿ ಗಟ್ಟಿಯಾಗಿ ನಿಂತಿವೆ. ನೂರು ವರ್ಷವೂ ತುಂಬದ ನನ್ನ ಗಾಲಿ ಬಿರಿದಿದೆ. ಸತುವನ್ನು ಯಾವುದರ ಜೊತೆ ಬೆರೆಸಿದರು, ಎಷ್ಟು ಶುದ್ಧ ಮಾಡಿದರು ಎನ್ನುವುದರಲ್ಲೇ ಎಲ್ಲಾ ಇದೆ. ವಾಪಸ್ ಬಂದ ಮೇಲೆ ದಾಖಲೆಯಲ್ಲಿ ‘ಲೋಹ’ ಎಂದಷ್ಟೇ ಇದ್ದ ಕಾಲಂ ಅನ್ನು ಬಿಡಿಸಿ ತಗಡು, ಹಿತ್ತಾಳೆ, ಉಕ್ಕು, ಸತುವಿನ ಎರಕ ಎಂದು ಬೇರೆ ಬೇರೆ ಮಾಡಿದೆ. ಸತುವಿನ ಎರಕದ ಹತ್ತೊಂಬತ್ತು ತುಂಡುಗಳು ಈಗ ಪ್ರತ್ಯೇಕ ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣದೊಂದಿಗೆ, ಮನೆಯ ಅತಿ ತಂಪಾದ ಕೋಣೆಯಲ್ಲಿವೆ.

ಡಿಸ್ಪೇಸಿಗೆ ಏರಿಸುವುದು ಅಷ್ಟು ಹೊತ್ತಿನ ಕೆಲಸವಾಗಲಿಲ್ಲ. ಅದು ಡಬ್ಲಿನ್ ಕೋರ್ ಎಂಬ ಕಾಲಂಗಳ ಪದ್ಧತಿಯಲ್ಲಿ ನಡೆಯುತ್ತದೆ. ‘ಇದರ ಭಾಗ’, ‘ಇದಕ್ಕಿರುವ ಭಾಗ’ ಎಂಬ ಎರಡು ಕಾಲಂ ಅದರಲ್ಲಿ ಇರುವುದರಿಂದ ಗಾಲಿಯನ್ನು ಇಂಜಿನ್ನಿಗೆ, ಇಂಜಿನ್ನನ್ನು ಗಾಲಿಗೆ ಕಟ್ಟಲು ಬಂತು. ಏರಿಸಿದ ಪ್ರತಿಯೊಂದಕ್ಕೂ ತಂತ್ರಾಂಶ ತಾನೇ ಒಂದು ಶಾಶ್ವತ ವಿಳಾಸದ ನಂಬರ್ ಕೊಡುತ್ತದೆ, ಅದರಲ್ಲೂ ಅರ್ಥವೇನೂ ಇಲ್ಲ. ಹೆಚ್ಚು ಹೊತ್ತು ಹಿಡಿದದ್ದು ಹೆಸರು. ಬೆಂಗಳೂರಿನ ಓದುಗ ‘ಚಕ್ರ’ ಎಂದು ಹುಡುಕುತ್ತಾನೆ, ನಮ್ಮ ಕಡೆಯವರು ‘ಗಾಲಿ’ ಎನ್ನುತ್ತಾರೆ. ಹಳಿಗೆ ಅವ್ವ ‘ಪಟ್ಟಿ’ ಎನ್ನುತ್ತಾಳೆ, ಮಾವನ ಮಗ ‘ಪಟರಿ’ ಎನ್ನುತ್ತಾನೆ. ಯಾವುದನ್ನೂ ಬಿಡಲಿಲ್ಲ. ಅವ್ವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದೊಂದು ಫೋಟೋ ತೋರಿಸಿ ಅವಳು ಏನೆನ್ನುತ್ತಾಳೋ ಅದನ್ನು ಪರ್ಯಾಯ ಹೆಸರಿನಲ್ಲಿ ಬರೆದೆ. ಡಬ್ಬಿಗಳ ತುದಿಯಲ್ಲಿರುವ ಬಫರಿಗೆ ಅವಳು ‘ಗುದ್ದು’ ಅಂದಳು. ಅವಳೂ ಅವಳ ತಮ್ಮನೂ ಇಟ್ಟ ಹೆಸರಂತೆ. ಅದೂ ಈಗ ಹುಡುಕಿದರೆ ಸಿಗುತ್ತದೆ.

ಯುಗಾದಿಯ ಹೊತ್ತಿಗೆ ಒಟ್ಟು 312 ವಸ್ತುಗಳಾದವು. ಕೊನೆಯದರ ಸರದಿ 1312, ತುಕ್ಕು ಹಿಡಿದ ಒಂದು ಸ್ಕ್ರೂ.

ಮೇ ತಿಂಗಳಲ್ಲಿ ಒಂದು ವಾರ ಹೊರಗೆ ಬೆಂಕಿಯಂಥ ಬಿಸಿಲು, ಎರಡು ದಿನ ರಾತ್ರಿಯಿಡೀ ಕರೆಂಟ್ ಇರಲಿಲ್ಲ. ಮೂರನೇ ದಿನ ಸತುವಿನ ಡಬ್ಬ ತೆಗೆದೆ. 10627 ನಾಲ್ಕು ತುಂಡಾಗಿ, ಸುತ್ತ ಬೂದು ಪುಡಿ ಬಿದ್ದಿತ್ತು. ಕೈ ಹಚ್ಚದೆ ಮೊದಲು ಇದ್ದ ಹಾಗೇ ಫೋಟೋ ತೆಗೆದೆ. ಆಮೇಲೆ ತುಂಡುಗಳನ್ನೂ ಪುಡಿಯನ್ನೂ ಮೆತ್ತಗಿನ ಕುಂಚದಿಂದ ಗುಡಿಸಿ ಕವರಿಗೆ ಹಾಕಿದೆ. ಅವ್ವ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

“ಇನ್ನ ಅದರ ನಂಬರ್ ತಗೀತಿಯೇನ?”

“ಇಲ್ಲವ್ವಾ. ಅದು ಅದರದೇ.”

ಚೀಟಿ ಅದೇ, ದಾರ ಅದೇ. ದಾಖಲೆಯ ‘ಸ್ಥಿತಿ’ ಕಾಲಂನಲ್ಲಿ ಹಳೆಯ ಸಾಲು ಅಳಿಸದೆ ಕೆಳಗೆ ತಾರೀಖು ಹಾಕಿ ‘ನಾಲ್ಕು ತುಂಡು ಮತ್ತು ಪುಡಿ’ ಎಂದು ಬರೆದೆ. ಗಾಲಿ ಗಾಲಿಯಾಗಿದ್ದಾಗ ಫರಸಿಯ ಮೇಲೆ ತೆಗೆದ ಮೂರು ಫೋಟೋಗಳ ಪಕ್ಕ ನಾಲ್ಕನೆಯದು ಸೇರಿತು. ಉಳಿದ ಮೂರು ಗಾಲಿಗಳನ್ನು ಪ್ರತಿ ತಿಂಗಳು ಒಂದನೇ ತಾರೀಖು ಭೂತಗನ್ನಡಿ ಹಿಡಿದು ನೋಡುತ್ತೇನೆ. 10641, 10658 ನೆಟ್ಟಗಿವೆ. 10634ರ ಅಂಚಿನಲ್ಲಿ ಈ ತಿಂಗಳು ಕೂದಲೆಳೆಯಷ್ಟು ಗೆರೆ ಕಾಣಿಸಿದೆ. ಅದು ಬಿರುಕೋ, ಅಚ್ಚಿನ ಗೆರೆಯೋ ಎಂದು ಮೊದಲ ಫೋಟೋವನ್ನು ದೊಡ್ಡದು ಮಾಡಿ ನೋಡಿದೆ. ಅದರಲ್ಲಿ ಆ ಗೆರೆ ಇಲ್ಲ.